ಪ್ಲೇಟು ಒಡೆದರೆ ದುಡ್ಡು ಯಾರದ್ದು?

"ಕೊರಿಯರ್‌ನವರು ಒಡೆದು ಹಾಕಿದ್ರೆ ನೀವ್ಯಾಕೆ ದುಡ್ಡು ವಾಪಸ್ ಕೊಡ್ತೀರಿ?"

ಹಳೇ ಗ್ರಾಮಫೋನ್ ಪ್ಲೇಟುಗಳನ್ನು ಆನ್‌ಲೈನ್ ಹರಾಜಿಗೆ ಹಾಕುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಬರೆದಿಡುತ್ತೇನೆ, ಇನ್ನು ಮೇಲೆ ಕೇಳಿದವರಿಗೆ ಲಿಂಕ್ ಕಳಿಸಿ ಸುಮ್ನಿರುತ್ತೇನೆ.

ದುಡ್ಡು ಇಸ್ಕೊಂಡವನು ನಾನು. ಅದಕ್ಕೆ.

ನಮ್ಮ ಭಾವ ಇದನ್ನು ಒಪ್ಪುವುದಿಲ್ಲ. "ಮೂರನೇ ಸಲ ಕೂಗಿದ ಮೇಲೆ ಮಾಲು ಕೊಂಡವರದ್ದು ಕಣೋ" ಅನ್ನುತ್ತಾರೆ. ಮೈಸೂರಲ್ಲಿ ಎದುರಿಗೇ ನಿಂತು ಸವಾಲು ಕೂಗಿ, ಮಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುವವನಿಗೆ ಆ ಮಾತು ಸರಿ. ಹುಬ್ಬಳ್ಳಿಯಲ್ಲಿ ಕೂತು ಫೋಟೋ ನೋಡಿ ಸವಾಲು ಹಾಕಿದವರು ಏನು ಮಾಡಬೇಕು?

ಇನ್ನೊಬ್ಬರು 1930ರ ಸರಕು ಮಾರಾಟ ಕಾಯ್ದೆ ತೆಗೆಯುತ್ತಾರೆ. ಸಾಗಿಸುವವರ ಕೈಗೆ ಕೊಟ್ಟರೆ ಕೊಂಡವರಿಗೇ ಕೊಟ್ಟ ಹಾಗಂತೆ. ಹೌದು, 39ನೇ ಸೆಕ್ಷನ್ ಶುರುವಾಗುವುದು ಹಾಗೇ. ಅದರ ಎರಡನೇ ಭಾಗಕ್ಕೆ ಬರುವಷ್ಟರಲ್ಲಿ ಇವರಿಗೆ ನಿದ್ದೆ. ಮಾಲಿಗೆ ತಕ್ಕ ಸಾಗಣೆ ಏರ್ಪಾಡನ್ನು ಮಾರಿದವನು ಮಾಡದೆ ಮಾಲು ಹಾಳಾದರೆ, ಕೊಂಡವರು "ನನಗೆ ಮುಟ್ಟಿಲ್ಲ" ಅನ್ನಬಹುದು ಅಂತ ಅಲ್ಲಿದೆ. ಇಬೇಯಂಥ ಆನ್‌ಲೈನ್ ಹರಾಜಿನ ಕಡೆ ಕಾಯ್ದೆವರೆಗೂ ಹೋಗಬೇಕಿಲ್ಲ. ಮಾಲು ತಲುಪಿಸಿದ್ದಕ್ಕೆ ಪುರಾವೆ ಮಾರಿದವನೇ ಕೊಡಬೇಕು.

ಇಷ್ಟೆಲ್ಲ ಹೇಳುವ ನಾನೂ ಒಂದು ಸಲ ಜಗಳಕ್ಕೆ ನಿಂತಿದ್ದೆ. ಅದು ಚೌಡಯ್ಯನವರ ಪಿಟೀಲಿನ ಪ್ಲೇಟು, ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು. ಆ ಕಾಲದ ಪ್ಲೇಟುಗಳು ಅರಗಿನವು. ಬಾಗುವ ಮಾತೇ ಇಲ್ಲ, ಸೀದಾ ಒಡೆಯುತ್ತವೆ. ಡಬ್ಬದ ಆರೂ ಕಡೆ ಕೆಂಪಿನಲ್ಲಿ 'ಗಾಜು, ಹುಷಾರ್' ಅಂತ ಬರೆದಿದ್ದೆ. ಹುಬ್ಬಳ್ಳಿ ತಲುಪಿದಾಗ ಮೂರು ಚೂರು. ಫೋನಿನಲ್ಲಿ ನಾನು ಕೊರಿಯರ್‌ನವರ ವಂಶವನ್ನೇ ಜಾಲಾಡಿದೆ. ಕೊಂಡ ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, "ಸರ್, ಡಬ್ಬದ ಫೋಟೋ ಕಳಿಸೀನಿ, ನೋಡ್ರಿ" ಅಂದರು.

ಡಬ್ಬ ಒಂದು ಚೂರೂ ನಜ್ಜಾಗಿರಲಿಲ್ಲ. ಬಿರುಕು ಹೊರಟಿದ್ದು ಪ್ಲೇಟಿನ ಅಂಚಿನಿಂದ. ನಾನು ರಟ್ಟನ್ನು ಪ್ಲೇಟಿನಷ್ಟೇ ಕತ್ತರಿಸಿದ್ದೆ. ಅಂಚು ನೇರ ಡಬ್ಬದ ಗೋಡೆಗೆ ಬಡಿದಿದೆ. ಅವತ್ತೇ ದುಡ್ಡು ವಾಪಸ್ ಹಾಕಿದೆ.

(ಇನ್ಶೂರೆನ್ಸ್ ಬೇಕಾ ಅಂತ ಕೊಳ್ಳುವವರನ್ನೇ ಕೇಳಿ, ಆಮೇಲೆ "ನೀವೇ ಬೇಡ ಅಂದ್ರಲ್ಲ" ಅನ್ನುವ ಮಾರಾಟಗಾರರಿದ್ದಾರೆ. ಇನ್ಶೂರೆನ್ಸ್ ಕಾಯುವುದು ನಮ್ಮ ಜೇಬನ್ನು ಸ್ವಾಮಿ, ಮಾಡಿಸುವುದೂ ನಾವೇ.)

"ಹೇಗೆ ಪ್ಯಾಕ್ ಮಾಡ್ತೀರಿ?" ಅಂತ ಇದುವರೆಗೂ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಕಾಫಿ ಕೊಟ್ಟು ಹೇಳುತ್ತಿದ್ದೆ. ಪ್ಲೇಟು 10 ಇಂಚಾದರೆ ರಟ್ಟು 12 ಇಂಚು ಚೌಕ, ಎರಡು ಕಡೆಗೂ. ರಟ್ಟಿನೊಳಗಿನ ಅಲೆ ಒಂದರಲ್ಲಿ ಉದ್ದಕ್ಕೆ, ಇನ್ನೊಂದರಲ್ಲಿ ಅಡ್ಡಕ್ಕೆ ಬರಬೇಕು, ಆಗ ಬಾಗುವುದಿಲ್ಲ. ಮೇಲೆ ಬಬಲ್ ಶೀಟು. ಆಮೇಲೆ ದೊಡ್ಡ ಡಬ್ಬ, ಸುತ್ತಲೂ ಉಂಡೆ ಮಾಡಿದ ಪೇಪರ್. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸದ್ದು ಬರಬಾರದು.

ಇದು ನನ್ನ ತಲೆಯಿಂದ ಬಂದಿದ್ದಲ್ಲ. ವಾರದ ನಂತರ ಮೇಷ್ಟ್ರು ಆ ಮೂರು ಚೂರನ್ನೂ ತಮ್ಮ ಖರ್ಚಿನಲ್ಲೇ ವಾಪಸ್ ಕಳಿಸಿದರು. ನಾನು ಕೇಳಿರಲಿಲ್ಲ. ಬಿಚ್ಚಿ ನೋಡಿದೆ. ಹುಬ್ಬಳ್ಳಿಯಿಂದ ಮೈಸೂರಿಗೆ ಬಂದರೂ ಹೊಸದಾಗಿ ಒಂದು ಚಕ್ಕೆಯೂ ಎದ್ದಿರಲಿಲ್ಲ. ಅವರು ಹಾಕಿದ್ದ ರಟ್ಟನ್ನೇ ಈಗಲೂ ಅಳತೆಗೆ ಇಟ್ಟುಕೊಂಡು ಕತ್ತರಿಸುತ್ತೇನೆ.