ಸಾಹೇಬ್ರ ಡೈರಿಯಲ್ಲಿ ನನ್ನ ನಂಬರು

ಚುನಾವಣೆ ಬಂತೆಂದರೆ ನಮ್ಮ ಮನೆಯಿಂದ ಮೊದಲು ಹೊರಡೋದು ಅಪ್ಪನ ಜೋಡುನಳಿಗೆ ಬಂದೂಕು. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ದಿನಾಂಕ ಪ್ರಕಟವಾಗಿ ನೀತಿ ಸಂಹಿತೆ ಜಾರಿಯಾಯಿತು. ಅದರ ಬೆನ್ನಿಗೇ ಠಾಣೆಯಿಂದ ಫೋನು: "ಗೌಡ್ರ, ನಿಮ್ಮದು ಇನ್ನೂ ಜಮಾ ಆಗಿಲ್ಲ ನೋಡ್ರಿ." ಬಳ್ಳಾರಿಯಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಅಲ್ಲಿವರೆಗೆ ಬಂದೂಕು ಠಾಣೆಯಲ್ಲಿರಬೇಕು, ಇಲ್ಲಾ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ. ಹಿಂದೊಮ್ಮೆ ಅಪ್ಪ ಠಾಣೆಗೇ ಕೊಟ್ಟಿದ್ದ. ವಾಪಸ್ ಬಂದಾಗ ನಳಿಗೆಯೊಳಗೆ ತುಕ್ಕು ಕೂತಿತ್ತು. ಅವತ್ತಿನಿಂದ ಜಮಾ ಅಂದರೆ ಬಳ್ಳಾರಿಯ ಅಂಗಡಿಯೇ.

ಸಂಡೂರು ಕಡೆಯ ನಮ್ಮೂರಿಂದ ಬೆಳಿಗ್ಗೆಯೇ ಹೊರಟೆವು. ಹಿಂದಿನ ಸೀಟಿನಲ್ಲಿ ಕವರು ಹಾಕಿದ ಬಂದೂಕು, ಅಪ್ಪನ ತೊಡೆ ಮೇಲೆ ಲೈಸೆನ್ಸ್ ಪುಸ್ತಕ. ತೋರಣಗಲ್ಲು ದಾಟುವವರೆಗೂ ಅವನ ಬೈಗುಳ ನಿಲ್ಲಲಿಲ್ಲ. "ನೀತಿ ಸಂಹಿತೆ ನಮಗ ಐತೆ, ಜೋಳಕ್ಕೆ ನುಗ್ಗೋ ಹಂದಿಗೆ ಐತೇನು?"

ಅಂಗಡಿ ದೊಡ್ಡದೇನಲ್ಲ. ಮೊಬೈಲ್ ಅಂಗಡಿಗಳ ನಡುವೆ ಸಿಕ್ಕಿಕೊಂಡ ಕಿರಿದಾದ ಮಳಿಗೆ. ಮುಂದಿನ ಗಾಜಿನೊಳಗೆ ಏರ್‌ಗನ್ನುಗಳು, ಹಿಂದೆ ಕಬ್ಬಿಣದ ಜಾಲರಿ, ಅದರಾಚೆ ಬೀಗದ ಕೋಣೆ. ಪಕ್ಕದ ಅಂಗಡಿಗಳ ತುಂಬ ಆಫರಿನ ಬ್ಯಾನರು, ಇಲ್ಲಿ ಹೆಸರಿನ ಬೋರ್ಡು ಬಿಟ್ಟರೆ ಏನೂ ಇಲ್ಲ. ಅಪ್ಪ ಈ ಬಂದೂಕು ಕೊಂಡದ್ದು ತೊಂಬತ್ತರ ದಶಕದಲ್ಲಿ, ಅಂಗಡಿಯ ಈಗಿನ ಮಾಲೀಕರಾದ ಸಾಹೇಬ್ರ ತಂದೆಯ ಕೈಯಿಂದ. ಅದಾದ ಮೇಲೆ ಇನ್ನೊಂದು ಕೊಂಡಿಲ್ಲ, ಕೊಳ್ಳೋದೂ ಇಲ್ಲ. ಒಮ್ಮೆ ಕೊಂಡರೆ ಎರಡು ತಲೆಮಾರು ಬಾಳುವ ಸರಕು. ಕೊಳ್ಳಬೇಕು ಅನಿಸಿದವನೂ ಮೊದಲು ಡಿಸಿ ಆಫೀಸಿನಿಂದ ಲೈಸೆನ್ಸ್ ತಂದ ಮೇಲೇ ಗಿರಾಕಿ ಆಗೋದು. ಇಂಥ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಸರದಿಗೆ ಕಾಯುತ್ತ ಕೂತಾಗ ಸಾಹೇಬ್ರನ್ನೇ ಕೇಳಿದೆ.

ಅವರು ನಕ್ಕರು. "ಬಂದೂಕು ಮಾರಿ ಬದುಕ್ತೀನಿ ಅಂತ ಯಾರು ಹೇಳಿದ್ರು ನಿಮಗ? ಸುಮ್ನ ಕೂತು ನೋಡ್ರಿ."

ಮೊದಲು ಬಂದವರು ಬ್ಯಾಂಕಿನ ಗನ್‌ಮ್ಯಾನ್, ಮಿಲಿಟರಿಯಿಂದ ನಿವೃತ್ತರಾದವರು. ಚುನಾವಣೆಯಲ್ಲಿ ಬ್ಯಾಂಕ್ ಕಾಯುವವರಿಗೆ ವಿನಾಯಿತಿ ಸಿಗುತ್ತದೆ, ಆದರೆ ಅದಕ್ಕೆ ಕಾಗದ ಬೇಕು. ಆ ಅರ್ಜಿ ಬರೆದುಕೊಟ್ಟದ್ದು ಸಾಹೇಬ್ರೇ. ಇವರಿಗೆ ಬಂದೂಕೇ ನೌಕರಿ. ಲೈಸೆನ್ಸ್ ತಪ್ಪಿದರೆ ಸಂಬಳವೂ ತಪ್ಪಿತು. ಅವರ ಹಿಂದೆಯೇ ಜಾತ್ರೆಯಲ್ಲಿ ಬಲೂನಿಗೆ ಗುರಿ ಹೊಡೆಸುವ ಹುಡುಗ ಬಂದ, ಸ್ಪ್ರಿಂಗ್ ಹೋದ ಏರ್‌ಗನ್ ಹಿಡಿದುಕೊಂಡು. ಸಣ್ಣ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಜನವರಿಯ ಕೊಪ್ಪಳದ ಗವಿಮಠದ ಜಾತ್ರೆಯಿಂದ ಹಿಡಿದು ಬೇಸಿಗೆ ಮುಗಿಯುವವರೆಗೆ ಇಂಥವರು ಪೆಲೆಟ್ ಅನ್ನೋ ಸಣ್ಣ ಗುಂಡಿನ ಡಬ್ಬಿಗೆ, ರಿಪೇರಿಗೆ ಬರುತ್ತಲೇ ಇರುತ್ತಾರಂತೆ. ಅಂಗಡಿಯ ದಿನದ ಖರ್ಚು ಹುಟ್ಟೋದು ಅಲ್ಲಿಂದ. ನನಗಂತೂ ಇದು ಹೊಳೆದೇ ಇರಲಿಲ್ಲ.

ಆಮೇಲೆ ಬಂದವನೊಬ್ಬ ಜೋರು ಮನುಷ್ಯ. ತೋಟಾ, ಅಂದರೆ ಬಂದೂಕಿನ ಗುಂಡು, ಬೇಕು ಅಂದ. ಸಾಹೇಬ್ರು ಪುಸ್ತಕ ತಿರುವಿ ಹಾಕಿ, "ಅವಧಿ ಮುಗಿದೈತೆ, ರಿನ್ಯೂವಲ್ ಆಗೋ ತನಕ ಒಂದು ತೋಟಾನೂ ಕೊಡಂಗಿಲ್ಲ" ಅಂದರು. ಮಾರಿದ ಪ್ರತಿ ತೋಟಾ ಅವನ ಪುಸ್ತಕದಲ್ಲೂ ಏರಬೇಕು, ಅಂಗಡಿಯ ರಿಜಿಸ್ಟರಿನಲ್ಲೂ ಏರಬೇಕು. ಆತ ದನಿ ಏರಿಸಿದ. ಇವರು ಎದುರು ಮಾತಾಡದೆ ಫಾರಂ ತೆಗೆದು ತುಂಬುತ್ತ ಕೂತರು. ಅರ್ಧ ತಾಸಿಗೆ ಅದೇ ಮನುಷ್ಯ ಎಲ್ಲರಿಗೂ ಚಹಾ ತರಿಸಿದ.

2019ರ ಕೊನೆಯಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂತು. ಒಬ್ಬರ ಹತ್ತಿರ ಮೂರು ಬಂದೂಕು ಇರಬಹುದಿತ್ತು, ಅದು ಎರಡಾಯಿತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಜನಕ್ಕೆ ಓಡಾಟ ಕಡಿಮೆಯಾಯಿತು ಸರಿ, ಅಂಗಡಿಗೆ ಮಾತ್ರ ಮೂರು ವರ್ಷಕ್ಕೊಮ್ಮೆ ಕಾಣುತ್ತಿದ್ದ ಮುಖ ಐದು ವರ್ಷಕ್ಕೊಮ್ಮೆ ಕಾಣುವಂತಾಯಿತು. ಅದಕ್ಕೇ ಸಾಹೇಬ್ರ ಹತ್ತಿರ ಒಂದು ದಪ್ಪ ಡೈರಿ ಇದೆ. ಯಾರ ಲೈಸೆನ್ಸ್ ಯಾವ ತಿಂಗಳು ಮುಗಿಯುತ್ತದೆ, ಯಾರ ಮಗ ಎಲ್ಲಿದ್ದಾನೆ, ಎಲ್ಲ ಅದರಲ್ಲಿ. ಅವಧಿ ಮುಗಿಯುವ ಮೊದಲೇ ಇವರಿಂದ ಫೋನು ಹೋಗುತ್ತದೆ.

ಗಣಿ ಜೋರಾಗಿದ್ದ ಕಾಲದ ಮಾತೂ ಬಂತು. ಆಗ ಬಳ್ಳಾರಿಯಲ್ಲಿ ದುಡ್ಡಿದ್ದವರ ಕಾರಿನ ಹಿಂದೆ ಗನ್‌ಮ್ಯಾನ್ ಇರೋದೇ ಒಂದು ಷೋಕಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. "ಬರೋವಾಗ ರೇಟು ಕೇಳಲಿಲ್ಲ, ಹೋಗೋವಾಗ ಹೇಳಿ ಹೋಗಲಿಲ್ಲ" ಅಂದರು ಸಾಹೇಬ್ರು. ಉಳಿದವರು ಬ್ಯಾಂಕಿನವರು, ಅಪ್ಪನಂಥ ರೈತರು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಣ್ಣುಮಗಳು ತಮ್ಮನ ಜೊತೆ ಬಂದಳು. ಚಾದರದಲ್ಲಿ ಸುತ್ತಿದ ಬಂದೂಕು. ಗಂಡ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಲೈಸೆನ್ಸ್ ಇದ್ದವರು ಸತ್ತರೆ ಬಂದೂಕು ಮನೆಯಲ್ಲಿ ಇಡುವ ಹಾಗಿಲ್ಲ, ಠಾಣೆಗೋ ಅಂಗಡಿಗೋ ತಂದು ಕೊಡಲೇಬೇಕು. ಸಾಹೇಬ್ರು ಎದ್ದು ನಿಂತು, "ಕುಂದ್ರಮ್ಮ, ಮೊದಲು ನೀರು ಕುಡಿ" ಅಂದರು. ಆಮೇಲೆ ಬಂದೂಕನ್ನು ಮಡಚಿ ತೆರೆದು ಎರಡೂ ನಳಿಗೆ ಖಾಲಿ ಇದ್ದದ್ದನ್ನು ಅವಳ ತಮ್ಮನಿಗೂ ತೋರಿಸಿ, ನಂಬರು ಓದಿ ಹೇಳಿ ರಸೀದಿ ಬರೆದರು. ಅವಳು ಕೇಳಿದ್ದು ಒಂದೇ: "ಮಾರಿದ್ರ ಎಷ್ಟು ಬರಬಹುದಣ್ಣ?" ಸಾಹೇಬ್ರು ರೇಟು ಹೇಳಲಿಲ್ಲ. "ವರ್ಷದ ಕಾರ್ಯ ಮುಗೀಲಮ್ಮ. ಮಗ ದೊಡ್ಡವನಾದ್ರ ಅವನ ಹೆಸರಿಗೂ ಕೇಳಬಹುದು. ಅಲ್ಲೀತನಕ ಇಲ್ಲೇ ಇರ್ತೈತೆ, ತುಕ್ಕು ಹಿಡಿಯಾಕ ಬಿಡಂಗಿಲ್ಲ."

ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, "ಇವತ್ತು ಅವಸರ ಮಾಡಿದ್ರ ಈ ಬಂದೂಕು ನನಗ ಬರ್ತೈತೆ, ಆ ಮನಿ ಹೋಗ್ತೈತೆ" ಅಂದರು. ಮರುಕವೂ ಇತ್ತು, ಲೆಕ್ಕವೂ ಇತ್ತು. ಎರಡೂ ಇದ್ದದ್ದರಿಂದಲೇ ನನಗೆ ಆ ಮನುಷ್ಯನ ಮೇಲೆ ನಂಬಿಕೆ ಬಂತು. ಬರೀ ಮರುಕ ತೋರಿಸುವ ವ್ಯಾಪಾರಿಯನ್ನು ಕಂಡರೆ ನನಗೆ ಭಯ.

ಕೊನೆಗೆ ನಮ್ಮ ಸರದಿ. ಸಾಹೇಬ್ರು ಗಜ ಅನ್ನೋ ಉದ್ದ ಸಲಾಕೆಗೆ ಚಿಂದಿ ಸುತ್ತಿ ನಳಿಗೆಯೊಳಗೆ ಎಳೆದರು, ಬೆಳಕಿಗೆ ಹಿಡಿದು ನೋಡಿದರು. ಚಿಂದಿ ತುಂಬ ಕೆಂಪು ಧೂಳು. "ಹಾರಿಸೀರೇನ್ರಿ ಗೌಡ್ರ?" ಅಪ್ಪ, "ಗಾಳಿಗೆ ಒಂದೆರಡು" ಅಂದ. ಅದು ನಿಜ. ಅನುಮತಿಯಿಲ್ಲದೆ ಕಾಡುಹಂದಿ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು. ಜೋಳಕ್ಕೆ ನುಗ್ಗಿದ ಹಿಂಡು ಸದ್ದಿಗೆ ಓಡುತ್ತದೆ, ತಾಸು ಬಿಟ್ಟು ಅದೇ ಬದುವಿಗೆ ವಾಪಸ್ ಬರುತ್ತದೆ. ನನ್ನ ಕೇಳಿದರೆ ಆ ಸದ್ದಿಗೆ ಪಟಾಕಿಯೂ ಸಾಕು. ಅಪ್ಪನ ಮುಂದೆ ಹೇಳೋ ಧೈರ್ಯ ಇಲ್ಲ.

ರಸೀದಿ ಬರೆಯುತ್ತ ಸಾಹೇಬ್ರು ಸಹಜವೆಂಬಂತೆ ಕೇಳಿದರು, "ಗೌಡ್ರಿಗೆ ಎಪ್ಪತ್ತು ದಾಟ್ತಲ್ಲ?" ಎಪ್ಪತ್ತು ತುಂಬಿದರೆ, ಇಲ್ಲವೇ ಬಂದೂಕು ಇಪ್ಪತ್ತೈದು ವರ್ಷ ಕೈಯಲ್ಲಿದ್ದರೆ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಮಾಡಿಕೊಡಲು ಅರ್ಜಿ ಹಾಕಬಹುದಂತೆ, 2016ರ ನಿಯಮದಲ್ಲಿ ಇದೆಯಂತೆ. ಅಪ್ಪನಿಗೆ ಎರಡೂ ಲೆಕ್ಕ ಕೂಡುತ್ತಿತ್ತು. ಅವನು ನನ್ನ ಕಡೆ ನೋಡಿದ. ನಾನು ಗಾಜಿನೊಳಗಿನ ಏರ್‌ಗನ್ ನೋಡಿದೆ.

"ನನಗ್ಯಾಕ್ರಿ ಸಾಹೇಬ್ರ, ನಾನು ಹೊಸಪೇಟೆಯಾಗ ನೌಕರಿ ಮಾಡಾಂವ."

"ಇರ್ಲಿ, ನಂಬರು ಕೊಡ್ರಿ. ವಾಪಸ್ ಒಯ್ಯಾಕ ಯಾವಾಗ ಬರಬೇಕಂತ ನಾ ಫೋನ್ ಮಾಡ್ತೀನಿ."

ಕೊಟ್ಟೆ. ಡೈರಿಯಲ್ಲಿ ಅಪ್ಪನ ಹೆಸರಿನ ಕೆಳಗೇ ಬರೆದುಕೊಂಡರು.

ಜೂನ್‌ನಲ್ಲಿ ಎಣಿಕೆ ಮುಗಿದು ಸಂಹಿತೆ ತೆರವಾಯಿತು. ಸಾಹೇಬ್ರ ಫೋನು ಅಪ್ಪನಿಗೆ ಹೋಗದೆ ನನಗೇ ಬಂತು. ಬಂದೂಕು ಎಣ್ಣೆ ಹಾಕಿ ಇಟ್ಟಿದ್ದೀನಿ, ರಸೀದಿ, ಲೈಸೆನ್ಸ್ ಪುಸ್ತಕ ತಗೊಂಡು ಅಪ್ಪನ ಜೊತೆ ಬರ್ರಿ ಅಂದರು. ಫೋನು ಇಡುವ ಮೊದಲು, ಏನೋ ನೆನಪಾದವರ ಹಾಗೆ, "ಹಂಗ ಪಾಸ್‌ಪೋರ್ಟ್ ಸೈಜಿನ ಫೋಟೊ ತಗೊಂಡು ಬರ್ರಿ" ಅಂದರು.

"ಅಪ್ಪಂದಾ?"

"ಗೌಡ್ರದು ನನ್ನ ಹತ್ರ ಅದಾವ್ರಿ. ನಿಮ್ಮದು."