ಬೈನಾಕ್ಯುಲರ್‌ಗೆ ಯಾಕ್ ಸಾರ್ ಕೋಲು?

ಹಕ್ಕಿ ನೋಡೋಕೆ ಬೈನಾಕ್ಯುಲರ್‌ನ ಒಂದು ಕೋಲಿನ ಮೇಲೆ ಕೂರಿಸ್ಕೊಂಡು ಕೆರೆ ಏರಿ ಮೇಲೆ ನಿಂತ್ರೆ ಸಾಕು, ದನ ಮೇಯಿಸೋ ಅಜ್ಜನಿಂದ ಹಿಡಿದು ದೊಡ್ಡ ಲೆನ್ಸ್ ಹೊತ್ಕೊಂಡು ಬರೋ ಫೋಟೋಗ್ರಾಫರ್ ತನಕ ಎಲ್ರದ್ದೂ ಇದೇ ಪ್ರಶ್ನೆ. ಒಬ್ಬ ಹುಡುಗ ಅಂತೂ ಸೆಲ್ಫಿ ಸ್ಟಿಕ್ ಅಂದ್ಕೊಂಡು ಮುಂದೆ ಬಂದು ಹಲ್ಲು ಬಿಟ್ಕೊಂಡು ನಿಂತೇಬಿಟ್ಟಿದ್ದ.

ಕಾರಣ ಇಷ್ಟೇ, ಕೈ ನಡುಗತ್ತೆ. ನಿಮ್ದೂ ನಡುಗತ್ತೆ, ಗೊತ್ತಾಗಲ್ಲ ಅಷ್ಟೇ. ನನ್ನ ಬೈನಾಕ್ಯುಲರ್ 10×42 (42 ಅನ್ನೋದು ಮುಂದಿನ ಲೆನ್ಸ್ ಅಗಲ, ಮಿಲಿಮೀಟರ್‌ನಲ್ಲಿ), ಅಂದ್ರೆ ಹಕ್ಕಿ ಹತ್ತು ಪಟ್ಟು ದೊಡ್ಡದಾಗಿ ಕಾಣತ್ತೆ, ಜೊತೆಗೆ ಕೈ ನಡುಕಾನೂ ಹತ್ತು ಪಟ್ಟು. ಸುಮಾರು 700 ಗ್ರಾಂ ತೂಕ ಬೇರೆ, ಮೊದಲ ಎರಡು ನಿಮಿಷ ಏನೂ ಅನ್ಸಲ್ಲ, ಆಮೇಲೆ ಭುಜ ಹಿಡ್ಕೊಳ್ಳತ್ತೆ, ಹಕ್ಕಿ ಕುಣಿಯೋಕೆ ಶುರು ಮಾಡತ್ತೆ. ಇನ್ನೂ ಪವರ್ ಜಾಸ್ತಿ ಇರೋ 12×50 ತಗೊಂಡ್ರೆ ಸರಿ ಹೋಗತ್ತೆ ಅಂತ ತುಂಬಾ ಜನ ಅಂದ್ಕೋತಾರೆ. ಬರೀ ಕೈಯಲ್ಲಾದ್ರೆ ಕಷ್ಟ ಇನ್ನೂ ಜಾಸ್ತಿ.

ನನಗೆ ಇದು ತಲೆಗೆ ಹೋಗಿದ್ದು ನಂಜನಗೂಡು ಕಡೆ ಹದಿನಾರು ಅನ್ನೋ ಊರಿನ ಕೆರೆಯಲ್ಲಿ. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರ್ತಾವಲ್ಲ, ಅದರಲ್ಲಿ ಕೆಲವಕ್ಕೆ ಮಂಗೋಲಿಯಾದಲ್ಲಿ ಹಾಕಿದ ಹಸಿರು ಕಾಲರ್ ಕುತ್ತಿಗೇಲಿ ಇರತ್ತೆ. ಕಾಲರ್ ಮೇಲಿನ ಕೋಡ್ ಓದಿದ್ರೆ ಆ ಹಕ್ಕಿಗೆ ಎಲ್ಲಿ ಕಾಲರ್ ಹಾಕಿದ್ದು ಅಂತ ಪತ್ತೆ ಆಗತ್ತೆ. ಕಾಲರ್ ಏನೋ ಕಂಡ್ತು, ಅಕ್ಷರ ಮಾತ್ರ ಊಹೂಂ, ಉಸಿರು ಬಿಗಿ ಹಿಡಿದ್ರೂ ಇಲ್ಲ. ಪಕ್ಕದಲ್ಲಿದ್ದ ಗೆಳೆಯ ತನ್ನ ಕ್ಯಾಮೆರಾ ಮೋನೋಪಾಡ್, ಅಂದ್ರೆ ಒಂಟಿ ಕಾಲಿನ ಸ್ಟ್ಯಾಂಡ್ ಕೊಟ್ಟ, ಬೈನಾಕ್ಯುಲರ್‌ನ ಅದರ ತುದಿ ಮೇಲೆ ಸುಮ್ನೆ ಒತ್ತಿ ಹಿಡಿದೆ ಅಷ್ಟೇ, ಒಂದೊಂದೇ ಅಕ್ಷರ ನಿಂತ್ಕೊಳ್ತು. ವಾಪಸ್ ಬಂದವನೇ ಒಂದು ಮೋನೋಪಾಡ್ ತಗೊಂಡೆ.

ಜೋಡಿಸೋದು ಹೇಗೆ ಅಂದ್ರೆ, ಬೈನಾಕ್ಯುಲರ್‌ನ ಎರಡು ಕೊಳವೆ ಸೇರೋ ಕಡೆ ಮುಂದೆ ಒಂದು ಸಣ್ಣ ಮುಚ್ಚಳ ಇರತ್ತೆ ನೋಡಿ, ಎಷ್ಟೋ ಜನ ಅದನ್ನ ಬಿಚ್ಚೇ ಇರಲ್ಲ. ಒಳಗೆ ಕಾಲಿಂಚಿನ ಸ್ಕ್ರೂ ತೂತು. ಅದಕ್ಕೆ ಎಲ್ ಆಕಾರದ ಅಡಾಪ್ಟರ್, ಅಡಾಪ್ಟರ್ ಕೆಳಗೆ ಮೋನೋಪಾಡ್. (ಆ ಮುಚ್ಚಳ ಜೇಬಲ್ಲಿ ಹಾಕೊಳ್ಳಿ, ನಂದು ಕೆರೆ ಕೆಸರು ಸೇರಿ ಎಷ್ಟೋ ದಿನ ಆಯ್ತು.) ಸಣ್ಣ 8×32 ಕೆಲವದ್ರಲ್ಲಿ ಈ ತೂತೇ ಇರಲ್ಲ, ತಗೊಳ್ಳೋಕೆ ಮುಂಚೆ ನೋಡಿ. ಮಧ್ಯೆ ಎಲ್ಲಾ ಕಡೆ ತಿರುಗೋ ಬಾಲ್ ಹೆಡ್ ಹಾಕ್ಬೇಡಿ, ಸ್ವಲ್ಪ ಸಡಿಲ ಬಿಟ್ರೆ ಪಕ್ಕಕ್ಕೆ ಮಗುಚ್ಕೊಳ್ಳತ್ತೆ, ನಾನು ದುಡ್ಡು ಕಳ್ಕೊಂಡಿದ್ದು ಅಲ್ಲೇ. ಮೇಲೆ ಕೆಳಗೆ ಮಾತ್ರ ಬಗ್ಗೋ ಟಿಲ್ಟ್ ಹೆಡ್ ಸಾಕು, ಎಡಕ್ಕೆ ಬಲಕ್ಕೆ ನೋಡೋಕೆ ಕೋಲನ್ನೇ ತಿರುಗಿಸಿದ್ರಾಯ್ತು. ಕೋಲು ನೆಟ್ಟಗೆ ನಿಲ್ಲಿಸೋ ಬದಲು ಪಾದದಿಂದ ಸ್ವಲ್ಪ ಮುಂದೆ ಊರಿ, ಮೈ ಭಾರ ಚೂರು ಅದರ ಮೇಲೆ ಬಿಡಿ, ನಮ್ಮ ಎರಡು ಕಾಲು ಸೇರಿ ಮೂರು ಕಾಲಾಯ್ತಲ್ಲ.

ಟ್ರೈಪಾಡೇ ತಗೋಬಹುದಲ್ವಾ ಅಂತೀರಾ? ಒಂದೇ ಕಡೆ ಗಂಟೆಗಟ್ಟಲೆ ಕೂರೋರಿಗೆ ಅದೇ ಒಳ್ಳೇದು. ನಾನು ನಡೀತಾ ಇರ್ತೀನಿ, ಮೂರು ಕಾಲು ಬಿಡಿಸೋ ಹೊತ್ತಿಗೆ ಹಕ್ಕಿ ಹಾರಿರತ್ತೆ. ರಂಗನತಿಟ್ಟಲ್ಲಿ ದೋಣಿ ಹತ್ತಿದ್ರೆ ಕೋಲು ಗಿಡ್ಡ ಮಾಡಿ ಬುಡಾನ ಬೆಲ್ಟಿಗೆ ಸಿಕ್ಕಿಸ್ಕೋತೀನಿ, ಫಿನ್‌ಲ್ಯಾಂಡ್ ಕಡೆಯೋರ ಫಿನ್‌ಸ್ಟಿಕ್ ಥರ. ದೋಣಿ ತಳಕ್ಕೆ ಊರಿದ್ರೆ ದೋಣಿ ಅಲ್ಲಾಡಿದ್ದೆಲ್ಲ ಕಣ್ಣಿಗೇ ಬರತ್ತೆ. ಕಾಡೊಳಗೆ, ತಲೆ ಮೇಲಿನ ಕೊಂಬೇಲಿ ಪುಟುಪುಟು ಅನ್ನೋ ಸಣ್ಣ ಹಕ್ಕಿಗಳಿಗೆ ಮಾತ್ರ ಇದು ಶುದ್ಧ ಕಿರಿಕಿರಿ, ಅಲ್ಲಿ ಬಿಚ್ಚಿ ಬ್ಯಾಗಿಗೆ ಹಾಕ್ತೀನಿ.

ಮುಂದಿನ ಸಲ ಹದಿನಾರಿಗೆ ಹೋದಾಗ ಒಬ್ಬ ಅಜ್ಜ ಬಂದು ಇದೇ ಪ್ರಶ್ನೆ ಕೇಳಿದ್ರು. ಬಾಯಲ್ಲಿ ಹೇಳೋ ಬದಲು ಕೋಲು ನಾನೇ ಹಿಡ್ಕೊಂಡು, "ನೋಡಿ" ಅಂದೆ. ಜೀವಮಾನದಲ್ಲಿ ಬೈನಾಕ್ಯುಲರ್ ಮುಟ್ಟಿದೋರಲ್ಲ. ಸ್ವಲ್ಪ ಹೊತ್ತು ಸುಮ್ನಿದ್ದು, "ಅಲ್ಲಾ ಸಾ, ಆ ಬಾತ್ಗೆ ಯಾರೋ ಕತ್ಗೆ ಹಸುರು ಪಟ್ಟಿ ಕಟ್ಟವ್ರಲ್ಲ?" ಅಂದ್ರು. ನಾನಿನ್ನೂ ಅವತ್ತು ಕಾಲರ್ ಹಕ್ಕಿ ಹುಡುಕ್ತಾನೇ ಇದ್ದೆ.