ತಿರುಚಿದ ಸಲಾಕೆಗಳ ಕತ್ತಿ

ಸಲಾಕೆಗಳನ್ನು ತಿರುಚಿ ಬೆಸೆದದ್ದರಿಂದಲೇ ಹಳೆಯ ಉತ್ತರ ಯುರೋಪಿನ ಕತ್ತಿಗಳು ಅಷ್ಟು ಗಟ್ಟಿ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ನನಗದು ಒಪ್ಪಿಗೆಯಿಲ್ಲ. 6–7ನೇ ಶತಮಾನದ ಅಲಗುಗಳಲ್ಲಿ ಕಡಿಯುವ ಕೆಲಸ ಅಂಚಿನ ಉಕ್ಕಿನದು. ನಡುವಿನ ತಿರುಚು ಬಹುಮಟ್ಟಿಗೆ ನೋಡುವವರ ಕಣ್ಣಿಗೆ.

ಆಗಿನ ಕುಲುಮೆಯಲ್ಲಿ ಕಬ್ಬಿಣ ಕರಗಿ ಹರಿಯುತ್ತಿರಲಿಲ್ಲ. ಸಿಗುತ್ತಿದ್ದದ್ದು ಕಿಟ್ಟ ತುಂಬಿದ ಮುದ್ದೆ. ಅದನ್ನು ಬಡಿದು, ಮಡಿಸಿ, ಮತ್ತೆ ಬಡಿದು ಸಲಾಕೆ ಎಳೆಯಬೇಕು. ರಂಜಕ ಹೆಚ್ಚಿರುವ ಕಬ್ಬಿಣವನ್ನು ಬೇರೆ ಇಡುತ್ತಿದ್ದರು: ಹುಳಿ ತಾಗಿದಾಗ ಸಾದಾ ಕಬ್ಬಿಣ ಕಪ್ಪಾದರೆ ಇದು ಬೆಳ್ಳಗೆ ಉಳಿಯುತ್ತದೆ. ಇದು ತಣ್ಣಗಿರುವಾಗ ಪೆಡಸು ಎಂಬುದೂ ನೆನಪಿರಲಿ. ಬಲವೇ ಗುರಿಯಾಗಿದ್ದರೆ ಯಾರೂ ಇದನ್ನು ಆರಿಸುತ್ತಿರಲಿಲ್ಲ.

ಎರಡೂ ಬಗೆಯ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬೆಸೆದು, ಚೌಕ ಸಲಾಕೆ ಮಾಡಿ, ಕೆಂಪಗೆ ಕಾಯಿಸಿ ತಿರುಚುವುದು. ಪರೀಕ್ಷೆ ಇಲ್ಲೇ. ಬಿಸಿ ಒಂದೇ ಸಮ ಇಲ್ಲದಿದ್ದರೆ ಹೆಚ್ಚು ಕಾದ ಕಡೆ ಸುತ್ತು ಬಿಗಿಯಾಗಿ, ಪಕ್ಕದ ಸಲಾಕೆಯ ಗೆರೆಗೆ ಕೂಡುವುದಿಲ್ಲ. ಬೆಸುಗೆ ಅರೆಬರೆಯಾಗಿದ್ದರೆ ಪದರ ಬಾಯಿ ಬಿಡುತ್ತದೆ. ತಿರುಚಿದ್ದನ್ನು ಮತ್ತೆ ಚೌಕಕ್ಕೆ ಬಡಿಯುವಾಗ ಸಂದಿನಲ್ಲಿ ಕರಿಪದರ ಉಳಿದರೂ ಕೆಟ್ಟಿತು, ಮುಂದಿನ ಬೆಸುಗೆ ಹಿಡಿಯದು. ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ತಿರುಚಿ ಜೋಡಿಸಿದರೆ ಮೀನೆಲುಬಿನ ಗೆರೆ ಬರುತ್ತದೆ. ಸುತ್ತಲೂ ಉಕ್ಕಿನ ಅಂಚು ಬೆಸೆಯುವುದು ಕೊನೆಗೆ. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಬೇಕು, ಆದರೆ ಕಬ್ಬಿಣ ತಾಳುವಷ್ಟು ಬಿಸಿಯನ್ನು ಉಕ್ಕು ತಾಳುವುದಿಲ್ಲ. ಕಿಡಿ ಸಿಡಿಯತೊಡಗಿತೆಂದರೆ ಅಂಚು ಸುಟ್ಟಿತೆಂದೇ ಲೆಕ್ಕ.

ಅರೆಯುವ ಕಲ್ಲಿಗೂ ಪಾಲಿದೆ. ಮೇಲ್ಮೈಯನ್ನು ತುಸುವೇ ಅರೆದರೆ ಓರೆ ಗೆರೆ. ಸಲಾಕೆಯ ನಡುಮಟ್ಟದವರೆಗೂ ಅರೆದರೆ ಅದೇ ಗೆರೆ ಬಾಗಿ ಸುರುಳಿಯಂತಾಗುತ್ತದೆ. ನಡುವಿನ ತೋಡನ್ನು ಆಳಕ್ಕೆ ಅರೆದಷ್ಟೂ ಚಿತ್ತಾರ ಬದಲು. ಇಂಗ್ಲೆಂಡಿನ ಸಟ್ಟನ್ ಹೂ ಸಮಾಧಿಯ ಕತ್ತಿಯಲ್ಲಿ ಒಂದೊಂದು ಮುಖಕ್ಕೂ ಇಂಥ ನಾಲ್ಕು ಸಲಾಕೆ-ಕಟ್ಟುಗಳು. ಒರೆಯ ಒಳಗೆ ಹಲವೆಡೆ ಕುರಿಯ ತುಪ್ಪುಳದ ಅಸ್ತರಿ ಇರುತ್ತಿತ್ತು. ಉಣ್ಣೆಯ ಜಿಡ್ಡಿಗೆ ತುಕ್ಕು ದೂರ.

ನೋಡುವವರು ಗಮನಿಸುತ್ತಿದ್ದರು ಎನ್ನುವುದಕ್ಕೆ ಸಾಕ್ಷಿ ಇದೆ. ಉಡುಗೊರೆಯಾಗಿ ಬಂದ ಕತ್ತಿಗಳಿಗಾಗಿ ಇಟಲಿಯನ್ನು ಆಳುತ್ತಿದ್ದ ಥಿಯೊಡೊರಿಕ್ ರಾಜನ ಪರವಾಗಿ ಅವನ ಅಧಿಕಾರಿ ಕ್ಯಾಸಿಯೊಡೋರಸ್ 6ನೇ ಶತಮಾನದ ಆರಂಭದಲ್ಲಿ ಬರೆದ ಪತ್ರ, ತೋಡಿನೊಳಗೆ ಹುಳುಗಳು ಸುರುಳಿ ಸುತ್ತಿದಂತಿವೆ ಎಂದು ಹೊಗಳುತ್ತದೆ. ಇಂಥ ವಸ್ತುವನ್ನು ಬಿಸಾಡುವವರಿಲ್ಲ. 1014ರ ಉಯಿಲಿನಲ್ಲಿ ಇಂಗ್ಲೆಂಡಿನ ರಾಜಕುಮಾರ ಎಥೆಲ್‌ಸ್ಟನ್ ತನ್ನ ತಮ್ಮ ಎಡ್ಮಂಡನಿಗೆ ಬಿಟ್ಟದ್ದು ಆಫ಼ಾ ರಾಜನ ಕತ್ತಿ. ಆಫ಼ಾ ತೀರಿದ್ದು 796ರಲ್ಲಿ.

9ನೇ ಶತಮಾನದ ಹೊತ್ತಿಗೆ ಒಳ್ಳೆಯ ಉಕ್ಕು ಹೆಚ್ಚು ಸಿಗತೊಡಗಿ, ಇಡೀ ಅಲಗನ್ನೇ ಅದರಿಂದ ಮಾಡಲು ಸಾಧ್ಯವಾಯಿತು. ಚಿತ್ತಾರದ ಜಾಗಕ್ಕೆ ಮಾಡಿದವರ ಗುರುತಿನಂತೆ ಹೆಸರು ಬಂತು: ಕಬ್ಬಿಣದ ತಂತಿ ಕೂರಿಸಿ ಬೆಸೆದ 'ಉಲ್ಫ್‌ಬೆರ್ಟ್' ಅಕ್ಷರಗಳು. ಆ ಹೆಸರಿಗೂ ನಕಲು ಹುಟ್ಟಿತು. ಕೆಲವು ಅಲಗುಗಳಲ್ಲಿ ಅಕ್ಷರ ಅದಲುಬದಲು, ಉಕ್ಕೂ ಕಳಪೆ.